ಕೇಳದ ಪ್ಲಾನ್‌ಗೆ ಬಿಲ್, ಬಿಟ್ಟರೆ ದಂಡ: ಬ್ರಾಡ್‌ಬ್ಯಾಂಡ್ ಕಂಪನಿ ಜತೆಗಿನ ಜಗಳಕ್ಕೆ ಎಲ್ಲಿದೆ ಪರಿಹಾರ?

ಕೆಲಸ ಬದಲಾಗಿ ಪುಣೆಯ ಬಾಡಿಗೆ ಮನೆ ಖಾಲಿ ಮಾಡಿ ಹೈದರಾಬಾದ್‌ಗೆ ಹೊರಟಿದ್ದೀರಿ ಎಂದುಕೊಳ್ಳಿ. ಗ್ಯಾಸ್, ಕರೆಂಟ್, ಹಾಲಿನವರ ಲೆಕ್ಕ ಎಲ್ಲ ಚುಕ್ತಾ ಆಗಿದೆ. ಇಂಟರ್ನೆಟ್ ಸಂಪರ್ಕ ರದ್ದು ಮಾಡಿ ಎಂದು ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಸಿಗುವ ಉತ್ತರ ಹೀಗಿರುತ್ತದೆ: 'ಸರ್, ನಿಮ್ಮದು 12 ತಿಂಗಳ ಪ್ಲಾನ್. ಇನ್ನೂ ನಾಲ್ಕು ತಿಂಗಳು ಬಾಕಿ ಇದೆ. ಈಗ ಬಿಟ್ಟರೆ ಇನ್‌ಸ್ಟಲೇಷನ್ ಚಾರ್ಜ್, ರೂಟರ್ ಚಾರ್ಜ್ ಸೇರಿಸಿ ಕಟ್ಟಬೇಕಾಗುತ್ತದೆ.'

12 ತಿಂಗಳ ಕರಾರು ಯಾವಾಗ ಆಯಿತು ಎಂಬುದು ಗ್ರಾಹಕರಿಗೆ ನೆನಪೇ ಇರುವುದಿಲ್ಲ. ಯಾವ ಕಾಗದಕ್ಕೂ ಸಹಿ ಹಾಕಿರುವುದಿಲ್ಲ. ವೈರ್ ಎಳೆಯಲು ಬಂದ ಹುಡುಗ 'ಒಂದು ಓಟಿಪಿ ಬಂದಿದೆ, ಹೇಳಿ ಸರ್' ಎಂದು ಕೇಳಿದ್ದು ಮಾತ್ರ ಮಸುಕಾಗಿ ನೆನಪಿರುತ್ತದೆ. ಮೊತ್ತ ಮೂರೋ ನಾಲ್ಕೋ ಸಾವಿರ ಇರುವುದರಿಂದ ಬಹಳ ಮಂದಿ ಹಾಳಾಗಿ ಹೋಗಲಿ ಎಂದು ಕಟ್ಟಿಬಿಡುತ್ತಾರೆ. ಇನ್ನು ಕೆಲವರು ಸಿಟ್ಟಿನಲ್ಲಿ ಕಟ್ಟದೆ ಬಿಟ್ಟು, ತಿಂಗಳುಗಟ್ಟಲೆ ವಸೂಲಿ ಏಜೆಂಟರ ಫೋನ್ ಕರೆಗಳನ್ನು ಎದುರಿಸುತ್ತಾರೆ.

ಈ ಎರಡೂ ದಾರಿ ಬೇಕಿಲ್ಲ. ಬ್ರಾಡ್‌ಬ್ಯಾಂಡ್ ಬಿಲ್ ವಿವಾದಕ್ಕೆ ನಮ್ಮ ದೇಶದಲ್ಲಿ ಹಂತ ಹಂತವಾದ ದೂರು ವ್ಯವಸ್ಥೆ ಇದೆ. ಅದು ಹೇಗೆ ಕೆಲಸ ಮಾಡುತ್ತದೆ, ಗ್ರಾಹಕರ ಹಕ್ಕು ಎಲ್ಲಿಯವರೆಗೆ, ಊರು ಬದಲಾಯಿಸಿದವರು ಏನು ಮಾಡಬೇಕು ಎಂಬ ವಿವರ ಇಲ್ಲಿದೆ.

ಜಗಳ ಶುರುವಾಗುವುದು ಎಲ್ಲಿ?

ಬಹುತೇಕ ವಿವಾದಗಳ ಮೂಲ ಕೆಲವೇ ಕಡೆ ಇರುತ್ತದೆ.

1. 'ಉಚಿತ' ಇನ್‌ಸ್ಟಲೇಷನ್ ಮತ್ತು ರೂಟರ್: ಆರು ತಿಂಗಳು ಅಥವಾ ವರ್ಷದ ಪ್ಲಾನ್ ತೆಗೆದುಕೊಂಡರೆ ಇವು ಉಚಿತ ಎಂಬ ಆಫರ್ ಸಾಮಾನ್ಯ. ಆದರೆ ಅವಧಿಗೆ ಮೊದಲೇ ಬಿಟ್ಟರೆ ಆ ಹಣವನ್ನು ವಾಪಸ್ ಕೇಳುತ್ತೇವೆ ಎಂಬ ಷರತ್ತು ಸಣ್ಣ ಅಕ್ಷರಗಳಲ್ಲಿರುತ್ತದೆ. ರೂಟರ್ ಉಚಿತವಾಗಿ ಕೊಟ್ಟದ್ದೋ, ಬಳಸಲು ಮಾತ್ರ ಕೊಟ್ಟದ್ದೋ ಎಂಬುದೂ ಸ್ಪಷ್ಟವಾಗಿರುವುದಿಲ್ಲ. ಎಷ್ಟೋ ಕಡೆ ಅದು ಕಂಪನಿಯ ಸ್ವತ್ತು. ಸಂಪರ್ಕ ಬಿಟ್ಟಾಗ ಮರಳಿಸದಿದ್ದರೆ ಅದರ ಬೆಲೆ ಬಿಲ್‌ಗೆ ಸೇರುತ್ತದೆ.

2. ಜಿಎಸ್‌ಟಿ ಬಿಟ್ಟು ತೋರಿಸುವ ದರ: ಜಾಹೀರಾತಿನಲ್ಲಿ 999 ರೂ. ಎಂದಿದ್ದರೆ ಶೇ 18ರ ಜಿಎಸ್‌ಟಿ ಸೇರಿ ಕೈಯಿಂದ ಹೋಗುವುದು 1,178.82 ರೂ. ಆರು ತಿಂಗಳ ಹಣ ಮುಂಗಡವಾಗಿ ಕಟ್ಟಿದರೆ 7,072.92 ರೂ. ಇದು ಮೋಸವಲ್ಲ, ತೆರಿಗೆ. ಆದರೆ ಮಾರಾಟದ ಹೊತ್ತಿನಲ್ಲಿ ಹೇಳದೆ ಉಳಿಸಿಕೊಳ್ಳುವುದರಿಂದ ಮೊದಲ ಬಿಲ್‌ನಲ್ಲೇ ಮನಸ್ತಾಪ ಶುರುವಾಗುತ್ತದೆ.

3. ಫೋನಿನಲ್ಲೇ ಆಗುವ 'ಅಪ್‌ಗ್ರೇಡ್': 'ನಿಮ್ಮ ಸ್ಪೀಡ್ ಹೆಚ್ಚಿಸುತ್ತೇವೆ, ಹಳೇ ಗ್ರಾಹಕರಿಗೆ ವಿಶೇಷ ಕೊಡುಗೆ' ಎಂದು ಕರೆ ಬರುತ್ತದೆ. ಹೂಂ ಅಂದರೆ ಪ್ಲಾನ್ ಬದಲಾಗುತ್ತದೆ. ಜತೆಗೆ ಹೊಸ ಅವಧಿಯ ಕರಾರು ಮತ್ತೆ ಮೊದಲಿನಿಂದ ಶುರುವಾಗಿರುತ್ತದೆ.

4. ಜೋಡಿಸಿದ ಸೇವೆಗಳು: ಓಟಿಟಿ ಪ್ಯಾಕ್, ಲ್ಯಾಂಡ್‌ಲೈನ್, ಸೆಟ್ ಟಾಪ್ ಬಾಕ್ಸ್, ವೈ-ಫೈ ಎಕ್ಸ್‌ಟೆಂಡರ್ ಮೊದಲ ಒಂದೆರಡು ತಿಂಗಳು ಉಚಿತ. ಆಮೇಲೆ ಯಾರೂ ಕೇಳದೆಯೇ ಶುಲ್ಕ ಬೀಳತೊಡಗುತ್ತದೆ.

5. ರದ್ದಾದ ಮೇಲೂ ಓಡುವ ಮೀಟರ್: ಸಂಪರ್ಕ ರದ್ದು ಮಾಡಿ ಎಂದು ಫೋನಿನಲ್ಲಿ ಹೇಳಿರುತ್ತೀರಿ. ಆದರೆ ಕಂಪನಿಯ ದಾಖಲೆಯಲ್ಲಿ ಅದು 'ವಿಚಾರಣೆ' ಎಂದು ಮಾತ್ರ ನಮೂದಾಗಿರುತ್ತದೆ. ಮೂರು ತಿಂಗಳ ನಂತರ ಬಾಕಿ ನೋಟಿಸ್ ಬರುತ್ತದೆ.

6. ಬಡಾವಣೆಯ ಕೇಬಲ್ ಏಜೆಂಟ್: ದೊಡ್ಡ ಕಂಪನಿಯ ಹೆಸರಿನಲ್ಲಿ ಸ್ಥಳೀಯ ಆಪರೇಟರ್ ಹಣ ಪಡೆಯುತ್ತಾರೆ. ರಸೀದಿ ಇರುವುದಿಲ್ಲ, ವಾಟ್ಸಾಪ್‌ನಲ್ಲಿ ಒಂದು ಹೆಬ್ಬೆರಳಿನ ಗುರುತು ಮಾತ್ರ ಇರುತ್ತದೆ. ಕಂಪನಿಯನ್ನು ಕೇಳಿದರೆ 'ನಮಗೆ ಹಣ ಬಂದೇ ಇಲ್ಲ' ಎನ್ನುತ್ತದೆ.

ಮುಂಬೈ, ಚೆನ್ನೈ, ದೆಹಲಿಯಂಥ ಊರುಗಳಲ್ಲಿ ಬಾಡಿಗೆ ಮನೆಯಲ್ಲಿರುವವರಿಗೆ ಈ ತಾಪತ್ರಯ ಹೆಚ್ಚು. ಮಾಲೀಕರು 11 ತಿಂಗಳ ಅಗ್ರಿಮೆಂಟ್ ಕೊಡುತ್ತಾರೆ, ಇಂಟರ್ನೆಟ್ ಕಂಪನಿ 12 ತಿಂಗಳ ಪ್ಲಾನ್ ಕೊಡುತ್ತದೆ. ಮನೆ ಬಿಡುವ ದಿನ ಒಂದು ತಿಂಗಳು ಬಾಕಿ ಇದ್ದೇ ಇರುತ್ತದೆ.

ಓಟಿಪಿ ಹೇಳಿದರೆ ಸಹಿ ಹಾಕಿದಂತೆಯೇ?

ಒಂದು ಮಟ್ಟಿಗೆ ಹೌದು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 10ಎ ಪ್ರಕಾರ, ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತು ಎಂಬ ಒಂದೇ ಕಾರಣಕ್ಕೆ ಒಪ್ಪಂದ ಅಸಿಂಧು ಆಗುವುದಿಲ್ಲ. ಆದ್ದರಿಂದ 'ನಾನು ಕಾಗದಕ್ಕೆ ಸಹಿ ಹಾಕಿಲ್ಲ' ಎಂಬ ವಾದವೊಂದೇ ನಿಲ್ಲುವುದಿಲ್ಲ.

ಆದರೆ ಓಟಿಪಿ ಹೇಳಿದ ಮಾತ್ರಕ್ಕೆ ಎಲ್ಲ ಷರತ್ತಿಗೂ ಒಪ್ಪಿಗೆ ಕೊಟ್ಟಂತಲ್ಲ. ಒಪ್ಪಿಗೆ ಎಂದರೆ ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪುವುದು ಎಂದು ಭಾರತೀಯ ಕರಾರು ಕಾಯ್ದೆ 1872ರ ಸೆಕ್ಷನ್ 13 ಹೇಳುತ್ತದೆ. ತಪ್ಪು ಮಾಹಿತಿ ಕೊಟ್ಟು ಪಡೆದ ಒಪ್ಪಿಗೆಯ ಕರಾರನ್ನು ರದ್ದು ಮಾಡಿಕೊಳ್ಳುವ ಹಕ್ಕು ಸೆಕ್ಷನ್ 19ರಲ್ಲಿದೆ. 'ಇದು ಸ್ಪೀಡ್ ಚೆಕ್ ಮಾಡಲು ಬರುವ ಓಟಿಪಿ' ಎಂದು ಹೇಳಿ ಹೊಸ ಪ್ಲಾನ್‌ಗೆ ಒಪ್ಪಿಗೆ ಪಡೆದಿದ್ದರೆ ಅದು ನಿಜವಾದ ಒಪ್ಪಿಗೆಯಲ್ಲ.

ಹೀಗಾಗಿ ಪ್ರಶ್ನೆಯನ್ನು ಸರಿಯಾಗಿ ಕೇಳಬೇಕು. 'ನಾನು ಒಪ್ಪಿಲ್ಲ' ಎಂದು ಕೂಗಾಡುವ ಬದಲು, 'ಯಾವ ದಿನ, ಯಾವ ಷರತ್ತಿಗೆ, ಯಾವ ರೀತಿಯಲ್ಲಿ ನಾನು ಒಪ್ಪಿದ್ದೇನೆ ಎಂಬ ದಾಖಲೆ ಕೊಡಿ' ಎಂದು ಲಿಖಿತವಾಗಿ ಕೇಳಿ. ಓಟಿಪಿ ಜತೆ ಬಂದ ಎಸ್‌ಎಂಎಸ್‌ನಲ್ಲಿ ಅವಧಿ, ದಂಡದ ಮಾತು ಇತ್ತೇ? ಗ್ರಾಹಕರ ಅರ್ಜಿ ನಮೂನೆಯಲ್ಲಿ ಏನು ಬರೆದಿದೆ? ಕರೆ ರೆಕಾರ್ಡ್ ಆಗುತ್ತಿದೆ ಎಂದು ಪ್ರತಿ ಸಲ ಹೇಳುವ ಕಂಪನಿ ಆ ರೆಕಾರ್ಡಿಂಗ್ ಕೊಡಲಿ. ದಾಖಲೆ ಇದ್ದರೆ ನಿಮಗೂ ಸ್ಪಷ್ಟವಾಗುತ್ತದೆ. ಇಲ್ಲದಿದ್ದರೆ ಮುಂದಿನ ಹಂತದಲ್ಲಿ ಅದೇ ನಿಮ್ಮ ಬಲ.

ಆನ್‌ಲೈನ್‌ನಲ್ಲಿ ಸಂಪರ್ಕ ಪಡೆದವರಿಗೆ ಇನ್ನೊಂದು ಆಸರೆ ಇದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು 'ಡಾರ್ಕ್ ಪ್ಯಾಟರ್ನ್' ತಡೆ ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ 13 ಬಗೆಯ ದಾರಿ ತಪ್ಪಿಸುವ ತಂತ್ರಗಳನ್ನು ಪಟ್ಟಿ ಮಾಡಲಾಗಿದೆ. ಗ್ರಾಹಕರು ಕೇಳದ ಸೇವೆಯನ್ನು ಪಾವತಿ ಪುಟದಲ್ಲಿ ಸದ್ದಿಲ್ಲದೆ ಸೇರಿಸುವುದು, ಪೂರ್ತಿ ಬೆಲೆಯನ್ನು ಕೊನೆಯವರೆಗೆ ಬಚ್ಚಿಡುವುದು, ಸೇರುವುದು ಸುಲಭ ಆದರೆ ಬಿಡುವುದು ಕಷ್ಟ ಎಂಬಂತೆ ಚಂದಾ ವ್ಯವಸ್ಥೆ ಮಾಡುವುದು ಎಲ್ಲವೂ ಈ ಪಟ್ಟಿಯಲ್ಲಿವೆ.

ದಂಡ ಪೂರ್ತಿ ಕಟ್ಟಲೇಬೇಕೇ?

ಕರಾರು ನಿಜಕ್ಕೂ ಆಗಿದೆ, ನೀವೇ ನಡುವೆ ಬಿಡುತ್ತಿದ್ದೀರಿ ಎಂದೇ ಇಟ್ಟುಕೊಳ್ಳೋಣ. ಆಗಲೂ ಕಂಪನಿ ಬರೆದ ಮೊತ್ತವೇ ಅಂತಿಮವಲ್ಲ. ಕರಾರು ಕಾಯ್ದೆಯ ಸೆಕ್ಷನ್ 74ರ ಪ್ರಕಾರ, ಒಪ್ಪಂದದಲ್ಲಿ ದಂಡದ ಮೊತ್ತ ನಮೂದಾಗಿದ್ದರೂ ಸಿಗಬೇಕಾದ್ದು 'ನ್ಯಾಯವಾದ ಪರಿಹಾರ' ಮಾತ್ರ. ನಮೂದಾದ ಮೊತ್ತ ಅದರ ಗರಿಷ್ಠ ಮಿತಿ ಅಷ್ಟೇ.

ಒಂದು ಲೆಕ್ಕ ನೋಡಿ. ತಿಂಗಳಿಗೆ 799 ರೂ. ಪ್ಲಾನ್, 12 ತಿಂಗಳ ಅವಧಿ, ಮನ್ನಾ ಮಾಡಿದ ಇನ್‌ಸ್ಟಲೇಷನ್ ಶುಲ್ಕ 1,500 ರೂ. ಎಂದುಕೊಳ್ಳಿ. ಎಂಟು ತಿಂಗಳು ಮುಗಿದಿದೆ. ಉಳಿದ ನಾಲ್ಕು ತಿಂಗಳ ಬಾಡಿಗೆ 3,196 ರೂ., ಜಿಎಸ್‌ಟಿ ಸೇರಿ 3,771.28 ರೂ. ಇದರ ಮೇಲೆ ಇನ್‌ಸ್ಟಲೇಷನ್ ಶುಲ್ಕವನ್ನೂ ಸೇರಿಸಿದರೆ 5,271.28 ರೂ. ಕೊಡಬೇಕಾಗುತ್ತದೆ. ಆದರೆ ಆ ನಾಲ್ಕು ತಿಂಗಳು ಕಂಪನಿ ಯಾವ ಸೇವೆಯನ್ನೂ ಕೊಡುವುದಿಲ್ಲ. ಇನ್‌ಸ್ಟಲೇಷನ್ ಖರ್ಚನ್ನು 12 ತಿಂಗಳಿಗೆ ಹಂಚಿದರೆ ಉಳಿದ ನಾಲ್ಕು ತಿಂಗಳ ಪಾಲು 500 ರೂ. ಮಾತ್ರ. ರೂಟರ್ ಮರಳಿಸಿದರೆ ಅದರ ಲೆಕ್ಕವೂ ಮುಗಿಯಿತು. ಇದು ಸರ್ಕಾರ ನಿಗದಿ ಮಾಡಿದ ಸೂತ್ರವಲ್ಲ. ಆದರೆ ಚೌಕಾಸಿಗೆ ಕೂತಾಗ, ದೂರು ಬರೆಯುವಾಗ ಇಂಥ ಲೆಕ್ಕ ಮುಂದಿಟ್ಟರೆ ಮಾತಿಗೆ ತೂಕ ಬರುತ್ತದೆ.

ಗ್ರಾಹಕ ರಕ್ಷಣಾ ಕಾಯ್ದೆ 2019 'ಅನ್ಯಾಯದ ಕರಾರು' ಎಂಬ ಪರಿಕಲ್ಪನೆಯನ್ನೇ ತಂದಿದೆ. ಆದ ನಷ್ಟಕ್ಕೆ ಹೋಲಿಸಲಾಗದಷ್ಟು ದಂಡ ಹಾಕುವುದು, ವಿಪರೀತ ಠೇವಣಿ ಕೇಳುವುದು, ಅಸಮಂಜಸ ಶುಲ್ಕ ಹೇರುವುದು ಇದರ ವ್ಯಾಪ್ತಿಗೆ ಬರುತ್ತವೆ. ಒಂದು ಸೂಕ್ಷ್ಮ ಮಾತ್ರ ಗಮನದಲ್ಲಿರಲಿ: ಕರಾರಿನ ಷರತ್ತೇ ಅನ್ಯಾಯದ್ದು ಎಂದು ಘೋಷಿಸಿ ಎಂಬ ದೂರನ್ನು ಕೇಳುವ ಅಧಿಕಾರ ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗಿದೆ, ಜಿಲ್ಲಾ ಆಯೋಗಕ್ಕಿಲ್ಲ. ಆದ್ದರಿಂದ ಜಿಲ್ಲಾ ಮಟ್ಟದಲ್ಲಿ ದೂರು ಕೊಡುವವರು 'ಸೇವಾ ನ್ಯೂನತೆ' ಮತ್ತು 'ಅನುಚಿತ ವ್ಯಾಪಾರ ಪದ್ಧತಿ' ಎಂಬ ನೆಲೆಯಲ್ಲಿ ಬರೆಯುವುದು ಒಳ್ಳೆಯದು.

ಇಂಟರ್ನೆಟ್ಟೇ ಬರದಿದ್ದರೆ?

ಸಂಪರ್ಕ ಬಿಡಲು ಕಾರಣ ಕಂಪನಿಯ ಕೆಟ್ಟ ಸೇವೆಯೇ ಆಗಿದ್ದರೆ ಕಥೆ ಬೇರೆ. ಆಗ ಕರಾರು ಮುರಿದವರು ನೀವಲ್ಲ. ಆದರೆ ಇದನ್ನು ತೋರಿಸಲು ಪ್ರತಿ ಬಾರಿ ನೆಟ್ ಹೋದಾಗಲೂ ದೂರು ದಾಖಲಾಗಿರಬೇಕು. ಮನೆಯಲ್ಲಿ ಬೈದುಕೊಂಡು ಸುಮ್ಮನಾದ ದಿನಗಳು ಲೆಕ್ಕಕ್ಕೆ ಬರುವುದಿಲ್ಲ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಅಂದರೆ ಟ್ರಾಯ್ 2024ರಲ್ಲಿ ಹೊಸ ಸೇವಾ ಗುಣಮಟ್ಟ ನಿಯಮಗಳನ್ನು ತಂದಿತು. ಅವು 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿವೆ. ಮನೆಗೆ ವೈರ್ ಮೂಲಕ ಬರುವ ಬ್ರಾಡ್‌ಬ್ಯಾಂಡ್‌ನ ದೋಷ ಮೂರು ದಿನದೊಳಗೆ ಸರಿಯಾಗದಿದ್ದರೆ ಬಾಡಿಗೆಯಲ್ಲಿ ಕಡಿತ ಕೊಡಬೇಕು. ಸಂಪರ್ಕ ರದ್ದು ಮಾಡಲು ಕೋರಿಕೆ ಬಂದರೆ 7 ದಿನದೊಳಗೆ ಮುಗಿಸಬೇಕು. ಠೇವಣಿ ಇದ್ದರೆ 45 ದಿನದೊಳಗೆ ಮರಳಿಸಬೇಕು. ಬಿಲ್ ಬಗೆಗಿನ ದೂರುಗಳು ನಾಲ್ಕರಿಂದ ಆರು ವಾರದೊಳಗೆ ಇತ್ಯರ್ಥವಾಗಬೇಕು.

ಮೊದಲ ಹಂತ: ಡಾಕೆಟ್ ನಂಬರ್

ಫೋನಿನಲ್ಲಿ ಅರ್ಧ ಗಂಟೆ ವಾದ ಮಾಡಿ ಇಟ್ಟರೆ ಅದು ದೂರಲ್ಲ. ಡಾಕೆಟ್ ನಂಬರ್ ಸಿಕ್ಕಿದರೆ ಮಾತ್ರ ದೂರು. ಟೆಲಿಕಾಂ ಗ್ರಾಹಕರ ದೂರು ಪರಿಹಾರ ನಿಯಮಗಳು 2012ರ ಪ್ರಕಾರ ಕಂಪನಿ ಟೋಲ್ ಫ್ರೀ ದೂರು ಕೇಂದ್ರ ಇಡಬೇಕು, ಪ್ರತಿ ದೂರಿಗೂ ವಿಶಿಷ್ಟ ಡಾಕೆಟ್ ನಂಬರ್ ಕೊಡಬೇಕು. ನಂಬರ್ ಕೊಡದಿದ್ದರೆ ಕರೆ ಮುಗಿಸಬೇಡಿ. ಅದೇ ದಿನ ಇಮೇಲ್ ಕೂಡ ಕಳಿಸಿ.

ಎರಡನೇ ಹಂತ: ಮೇಲ್ಮನವಿ

ಗಡುವು ಮುಗಿದರೂ ಪರಿಹಾರ ಸಿಗದಿದ್ದರೆ, ಅಥವಾ ಸಿಕ್ಕ ಉತ್ತರ ಒಪ್ಪಿಗೆಯಾಗದಿದ್ದರೆ, ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಹೋಗಬಹುದು. ಇದಕ್ಕೆ ಶುಲ್ಕವಿಲ್ಲ. ಇಮೇಲ್, ಅಂಚೆ, ಖುದ್ದು ಭೇಟಿ ಯಾವುದಾದರೂ ಆಗುತ್ತದೆ. 39 ದಿನದೊಳಗೆ ತೀರ್ಮಾನ ಕೊಡಬೇಕು. ಪ್ರತಿ ಕಂಪನಿಯ ದೂರು ಕೇಂದ್ರ ಮತ್ತು ಮೇಲ್ಮನವಿ ಪ್ರಾಧಿಕಾರದ ವಿಳಾಸ ಟ್ರಾಯ್‌ನ ದೂರು ನಿಗಾ ಪೋರ್ಟಲ್‌ನಲ್ಲಿ ಸಿಗುತ್ತದೆ. ಈ ವ್ಯವಸ್ಥೆಯಿಂದ ತೀರಾ ಸಣ್ಣ ಇಂಟರ್ನೆಟ್ ಕಂಪನಿಗಳಿಗೆ ವಿನಾಯಿತಿ ಇರುವುದುಂಟು. ಅಂಥ ಕಂಪನಿಯ ಗ್ರಾಹಕರು ನೇರವಾಗಿ ಮುಂದಿನ ಹಂತಕ್ಕೆ ಹೋಗಬಹುದು.

ಮೇಲ್ಮನವಿ ಕೇಳುವವರೂ ಅದೇ ಕಂಪನಿಯವರಲ್ಲವೇ ಎಂಬ ಪ್ರಶ್ನೆ ಸಹಜ. ಬ್ಯಾಂಕ್, ವಿಮೆ ಗ್ರಾಹಕರಿಗೆ ಇರುವಂಥ ಒಂಬುಡ್ಸ್‌ಮನ್ ವ್ಯವಸ್ಥೆ ಟೆಲಿಕಾಂನಲ್ಲಿ ಇಲ್ಲ. ಅಂಥದ್ದೊಂದು ಬೇಕು ಎಂದು ಟ್ರಾಯ್ 2017ರಲ್ಲೇ ಶಿಫಾರಸು ಮಾಡಿತ್ತು. ಆದರೂ ಮೇಲ್ಮನವಿ ಸಲ್ಲಿಸಿ. ಮೇಲಿನ ಹಂತದ ಅಧಿಕಾರಿ ಕಡತ ನೋಡಿದಾಗ ಎಷ್ಟೋ ಸಣ್ಣ ಮೊತ್ತದ ವಿವಾದಗಳು ಅಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ, ನೀವು ಎಲ್ಲ ಬಾಗಿಲೂ ತಟ್ಟಿದ್ದೀರಿ ಎಂಬ ದಾಖಲೆ ಉಳಿಯುತ್ತದೆ.

ಟ್ರಾಯ್‌ಗೆ ಬರೆದರೆ ಆಗದೇ?

ಬಹಳ ಮಂದಿ ಮಾಡುವ ಮೊದಲ ಕೆಲಸವೇ ಟ್ರಾಯ್‌ಗೆ ಇಮೇಲ್ ಕಳಿಸುವುದು. ಆದರೆ ಟ್ರಾಯ್ ನಿಯಮ ಮಾಡುವ ಸಂಸ್ಥೆ. ವೈಯಕ್ತಿಕ ದೂರುಗಳನ್ನು ಅದು ಇತ್ಯರ್ಥ ಮಾಡುವುದಿಲ್ಲ, ಬಂದ ಪತ್ರವನ್ನು ಕಂಪನಿಗೇ ರವಾನಿಸುತ್ತದೆ. ದೆಹಲಿಯ ಟಿಡಿಸ್ಯಾಟ್ ನ್ಯಾಯಮಂಡಳಿಯೂ ಒಬ್ಬೊಬ್ಬ ಗ್ರಾಹಕರ ದೂರು ಕೇಳುವ ಜಾಗವಲ್ಲ. ಅದು ಕಂಪನಿ ಕಂಪನಿಗಳ ನಡುವಿನ ಅಥವಾ ಗ್ರಾಹಕರ ಗುಂಪಿನ ವಿವಾದಗಳಿಗೆ ಇರುವಂಥದ್ದು.

ಅದರ ಬದಲು ಎರಡು ಕಡೆ ಪ್ರಯತ್ನಿಸಬಹುದು. ಒಂದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಇದು 17 ಭಾಷೆಗಳಲ್ಲಿ ಲಭ್ಯ, ಕನ್ನಡವೂ ಅದರಲ್ಲಿದೆ. ಚೆನ್ನೈನಲ್ಲಿದ್ದು ತಮಿಳು ಬಾರದವರು, ದೆಹಲಿಯಲ್ಲಿದ್ದು ಹಿಂದಿಯಲ್ಲಿ ವಾದಿಸಲು ತಡವರಿಸುವ ಹಿರಿಯರು ಇಲ್ಲಿ ಕನ್ನಡದಲ್ಲೇ ವಿಷಯ ಹೇಳಬಹುದು. ಸಹಾಯವಾಣಿ ತೀರ್ಪು ಕೊಡುವುದಿಲ್ಲ, ಆದರೆ ದೂರನ್ನು ಕಂಪನಿಯ ಮುಂದಿಟ್ಟು ರಾಜಿಗೆ ಯತ್ನಿಸುತ್ತದೆ. ಇನ್ನೊಂದು, ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ಪೋರ್ಟಲ್ ಮೂಲಕ ದೂರಸಂಪರ್ಕ ಇಲಾಖೆಗೆ ದೂರು ಸಲ್ಲಿಸುವುದು. ಕಂಪನಿಗೆ ಕೊಟ್ಟ ದೂರಿನ ಡಾಕೆಟ್ ನಂಬರ್ ಎರಡೂ ಕಡೆ ಕೈಯಲ್ಲಿರಲಿ.

ಕೊನೆಯ ಹಂತ: ಗ್ರಾಹಕ ಆಯೋಗ

ಒಂದು ಕಾಲದಲ್ಲಿ ಈ ಬಾಗಿಲು ಮುಚ್ಚಿತ್ತು. 1885ರ ಟೆಲಿಗ್ರಾಫ್ ಕಾಯ್ದೆಯ ಸೆಕ್ಷನ್ 7ಬಿ ಪ್ರಕಾರ ಫೋನ್ ಬಿಲ್ ವಿವಾದಗಳು ಮಧ್ಯಸ್ಥಿಕೆಗೆ ಹೋಗಬೇಕು, ಗ್ರಾಹಕ ವೇದಿಕೆಗೆ ಬರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತ್ತು. ಕಂಪನಿಗಳು ಆ ತೀರ್ಪನ್ನೇ ಮುಂದಿಟ್ಟು ದೂರುಗಳನ್ನು ವಜಾ ಮಾಡಿಸುತ್ತಿದ್ದವು.

ಇದು ಬದಲಾದದ್ದು ಅಹಮದಾಬಾದ್‌ನ ಗ್ರಾಹಕರೊಬ್ಬರ ಹಟದಿಂದ. ತಿಂಗಳಿಗೆ ಸರಾಸರಿ 555 ರೂ. ಬರುತ್ತಿದ್ದ ಅವರ ಪೋಸ್ಟ್‌ಪೇಯ್ಡ್ ಮೊಬೈಲ್ ಬಿಲ್, 2013ರ ನವೆಂಬರ್ 8ರಿಂದ ಡಿಸೆಂಬರ್ 7ರ ಅವಧಿಗೆ 24,609.51 ರೂ. ಬಂತು. 2014ರಲ್ಲಿ ಅವರು ಜಿಲ್ಲಾ ಗ್ರಾಹಕ ವೇದಿಕೆಗೆ ಹೋದರು. ವೇದಿಕೆಗೆ ಅಧಿಕಾರವೇ ಇಲ್ಲ ಎಂದು ವೊಡಾಫೋನ್ ಐಡಿಯಾ ಕಂಪನಿ ಸುಪ್ರೀಂ ಕೋರ್ಟ್‌ವರೆಗೂ ವಾದಿಸಿತು. 2022ರ ಫೆಬ್ರುವರಿ 16ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ತ್ರಿಸದಸ್ಯ ಪೀಠ ಕಂಪನಿಯ ವಾದವನ್ನು ತಳ್ಳಿಹಾಕಿತು. ಟೆಲಿಗ್ರಾಫ್ ಕಾಯ್ದೆಯಲ್ಲಿ ಮಧ್ಯಸ್ಥಿಕೆ ಇದ್ದರೂ ಗ್ರಾಹಕ ವೇದಿಕೆಯ ಅಧಿಕಾರ ಹೋಗುವುದಿಲ್ಲ, ಟೆಲಿಕಾಂ ಸೇವೆಯೂ ಗ್ರಾಹಕ ಕಾನೂನಿನ 'ಸೇವೆ'ಯೇ ಎಂದು ಸ್ಪಷ್ಟಪಡಿಸಿತು.

ಕರಾರಿನಲ್ಲೇ 'ವಿವಾದ ಬಂದರೆ ಆರ್ಬಿಟ್ರೇಷನ್ ಮಾತ್ರ' ಎಂದು ಬರೆದಿದ್ದರೂ ಹೆದರಬೇಕಿಲ್ಲ. ಅಂಥ ಷರತ್ತು ಗ್ರಾಹಕ ಆಯೋಗದ ದಾರಿಯನ್ನು ಮುಚ್ಚುವುದಿಲ್ಲ ಎಂದು ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿದೆ. 2023ರ ದೂರಸಂಪರ್ಕ ಕಾಯ್ದೆ ಕೂಡ ಗ್ರಾಹಕ ಕಾಯ್ದೆಯಡಿಯ ಹಕ್ಕನ್ನು ಹಾಗೆಯೇ ಉಳಿಸಿದೆ.

ಆಯೋಗಕ್ಕೆ ಹೋಗುವವರು ತಿಳಿದಿರಬೇಕಾದ ಮುಖ್ಯ ಸಂಗತಿಗಳು ಇವು:

ಎಲ್ಲಿ ದೂರು ಕೊಡಬೇಕು? 2019ರ ಕಾಯ್ದೆಯ ದೊಡ್ಡ ಅನುಕೂಲ ಇದೇ. ನೀವು ಈಗ ವಾಸವಿರುವ ಅಥವಾ ಕೆಲಸ ಮಾಡುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಪುಣೆಯಲ್ಲಿದ್ದಾಗ ಆದ ವಿವಾದಕ್ಕೆ ಹೈದರಾಬಾದ್‌ನಿಂದ ಪುಣೆಗೆ ಓಡಾಡಬೇಕಿಲ್ಲ.

ಶುಲ್ಕ ಎಷ್ಟು? ಸೇವೆಗೆ ಕೊಟ್ಟ ಹಣ 5 ಲಕ್ಷ ರೂ. ಒಳಗಿದ್ದರೆ ಶುಲ್ಕವೇ ಇಲ್ಲ. ಮನೆಯ ಬ್ರಾಡ್‌ಬ್ಯಾಂಡ್ ವಿವಾದ ಇದರೊಳಗೇ ಬರುತ್ತದೆ.

ವಕೀಲರು ಬೇಕೇ? ಕಡ್ಡಾಯವಲ್ಲ. ನೀವೇ ವಾದಿಸಬಹುದು. ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ದೂರು ಸಲ್ಲಿಸುವ ಅವಕಾಶವಿದೆ. ವಿಡಿಯೊ ಕಾನ್ಫರೆನ್ಸ್ ಮೂಲಕ ವಿಚಾರಣೆ ಕೋರಲೂ ಕಾಯ್ದೆಯಲ್ಲಿ ಅವಕಾಶವಿದೆ.

ಕಾಲಮಿತಿ? ವಿವಾದ ಹುಟ್ಟಿದ ದಿನದಿಂದ ಎರಡು ವರ್ಷ.

ಕಂಪನಿ ಉತ್ತರಿಸದಿದ್ದರೆ? ನೋಟಿಸ್ ತಲುಪಿದ 30 ದಿನದಲ್ಲಿ ಉತ್ತರ ಕೊಡಬೇಕು. ಆಯೋಗ ಹೆಚ್ಚೆಂದರೆ 15 ದಿನ ಹೆಚ್ಚುವರಿ ಕೊಡಬಹುದು. ಈ 45 ದಿನ ದಾಟುವಂತಿಲ್ಲ ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ.

ಊರಿನಲ್ಲಿರುವ ಅಪ್ಪ ಅಮ್ಮನ ಮನೆಯ ಸಂಪರ್ಕಕ್ಕೆ ಮುಂಬೈನಿಂದ ಮಗ ಬಿಲ್ ಕಟ್ಟುತ್ತಿರುವ ಮನೆಗಳು ಎಷ್ಟೋ ಇವೆ. ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಒಪ್ಪಿಗೆಯಿಂದ ಸೇವೆ ಬಳಸುವವರೂ ಕಾಯ್ದೆಯ ಪ್ರಕಾರ ಗ್ರಾಹಕರೇ. ಹಾಗಾಗಿ ಹುಬ್ಬಳ್ಳಿಯಲ್ಲಿರುವ ತಂದೆಯೂ ದೂರು ಕೊಡಬಹುದು, ಹಣ ಕಟ್ಟಿದ ಮಗನೂ ಕೊಡಬಹುದು.

ಕಾನೂನಿನ ಪ್ರಕಾರ ಸರಳ ಪ್ರಕರಣ ಮೂರು ತಿಂಗಳಲ್ಲಿ ಮುಗಿಯಬೇಕು. ವಾಸ್ತವದಲ್ಲಿ ಅದಕ್ಕಿಂತ ತಡವಾಗುವುದೇ ಹೆಚ್ಚು. ಹಾಗಾಗಿ 800 ರೂ. ವಿವಾದಕ್ಕೆ ಆಯೋಗಕ್ಕೆ ಹೋಗಬೇಕೇ ಎಂಬುದು ನಿಮ್ಮ ಸಮಯಕ್ಕೆ ಬಿಟ್ಟದ್ದು. ಆದರೆ ಹೋಗಲು ಸಿದ್ಧ ಎಂಬುದು ಇಮೇಲ್‌ನಲ್ಲಿ ಸ್ಪಷ್ಟವಾಗಿರಲಿ.

ವಿವಾದ ಇರುವಾಗ ಬಿಲ್ ಕಟ್ಟಬೇಕೇ?

ಪೂರ್ತಿ ನಿಲ್ಲಿಸುವುದು ಜಾಣತನವಲ್ಲ. ಬಳಸಿದ ಸೇವೆಯ, ವಿವಾದವಿಲ್ಲದ ಭಾಗವನ್ನು ಕಟ್ಟಿ, ಉಳಿದದ್ದಕ್ಕೆ 'ಈ ಮೊತ್ತವನ್ನು ಒಪ್ಪುವುದಿಲ್ಲ, ಡಾಕೆಟ್ ನಂಬರ್ ಇದು' ಎಂದು ಬರೆಯಿರಿ. ಆಗ ಬಾಕಿ ಉಳಿಸಿಕೊಂಡು ಓಡಿಹೋದವರು ಎಂಬ ಮಾತು ಬರುವುದಿಲ್ಲ.

ಆಟೊಪೇ ಹಾಕಿದ್ದರೆ ಮೊದಲು ಅದನ್ನು ನೋಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಕಾರ್ಡ್, ಯುಪಿಐ ಮೂಲಕ ಆಗುವ ಮರುಕಳಿಸುವ ಪಾವತಿಗೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. ಮ್ಯಾಂಡೇಟ್ ಅನ್ನು ಗ್ರಾಹಕರು ಯಾವಾಗ ಬೇಕಾದರೂ ರದ್ದು ಮಾಡಬಹುದು. ಯುಪಿಐ ಆ್ಯಪ್‌ನಲ್ಲಿ ಆಟೊಪೇ ವಿಭಾಗಕ್ಕೆ ಹೋದರೆ ನಿಮ್ಮ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಮ್ಯಾಂಡೇಟ್‌ಗಳೆಲ್ಲ ಕಾಣುತ್ತವೆ. ಆದರೆ ನೆನಪಿರಲಿ, ಮ್ಯಾಂಡೇಟ್ ರದ್ದು ಮಾಡಿದರೆ ಹಣ ಕಡಿತ ನಿಲ್ಲುತ್ತದೆ, ಸಂಪರ್ಕ ರದ್ದಾಗುವುದಿಲ್ಲ. ಅದಕ್ಕೆ ಬೇರೆಯೇ ಕೋರಿಕೆ ಬೇಕು.

ವಸೂಲಿ ಏಜೆಂಟರು 'ಪೊಲೀಸ್ ಕೇಸ್ ಆಗುತ್ತದೆ, ವಾರಂಟ್ ಬರುತ್ತದೆ' ಎಂದು ಹೆದರಿಸಿದರೆ ಗಾಬರಿ ಬೇಡ. ಇಂಟರ್ನೆಟ್ ಬಿಲ್ ಬಾಕಿ ಸಿವಿಲ್ ವ್ಯವಹಾರ, ಅಪರಾಧವಲ್ಲ. ಫೋನಿನಲ್ಲಿ ವಾದ ಬೇಡ. ವಿವಾದ ಬಾಕಿ ಇದೆ ಎಂಬ ಇಮೇಲ್ ಪ್ರತಿಯನ್ನು ಕಳಿಸಿ, ಲಿಖಿತವಾಗಿ ಬರೆಯಿರಿ ಎನ್ನಿ. ಬಾಕಿ ಇದೆ ಎಂದು ಕ್ರೆಡಿಟ್ ವರದಿಯಲ್ಲಿ ಸೇರಿಸಿದ್ದಾರೆಯೇ ಎಂಬ ಅನುಮಾನವಿದ್ದರೆ ವರದಿ ತರಿಸಿ ನೋಡಿ. ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯಿಂದ ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ಸಿಗುತ್ತದೆ. ತಪ್ಪಿದ್ದರೆ ಅಲ್ಲೇ ತಕರಾರು ಸಲ್ಲಿಸಬಹುದು. ಗೃಹಸಾಲಕ್ಕೆ ಅರ್ಜಿ ಹಾಕುವ ಯೋಚನೆ ಇರುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಸಾಲದ ಕಡತ ಬ್ಯಾಂಕಿನ ಮೇಜಿಗೆ ಹೋದ ಮೇಲೆ ಹಳೇ ಇಂಟರ್ನೆಟ್ ಬಾಕಿಯ ಸುದ್ದಿ ಹೊರಬಂದರೆ ತಿದ್ದಿಸಲು ಸಮಯ ಇರುವುದಿಲ್ಲ.

ಇಮೇಲ್ ಹೀಗಿರಲಿ

ದೂರು ಉದ್ದ ಇದ್ದಷ್ಟೂ ಅದನ್ನು ಓದುವವರು ಕಡಿಮೆ. ಸಿಟ್ಟು ಬದಿಗಿಟ್ಟು ದಿನಾಂಕ, ಮೊತ್ತ, ಬೇಡಿಕೆ ಮೂರನ್ನೂ ಬರೆಯಿರಿ. ಇಂಗ್ಲಿಷ್‌ನಲ್ಲಿ ಬರೆದರೂ ಧಾಟಿ ಇದೇ ಇರಲಿ:

'ನನ್ನ ಖಾತೆ ಸಂಖ್ಯೆ ಇದು. ಇಂಥ ದಿನ ನಾನು ಸಂಪರ್ಕ ರದ್ದು ಮಾಡಲು ಕೋರಿದ್ದೇನೆ, ಕೋರಿಕೆಯ ನಂಬರ್ ಇದು. ಇಂಥ ದಿನಾಂಕದ ಬಿಲ್‌ನಲ್ಲಿ ಅವಧಿಪೂರ್ವ ರದ್ದತಿ ಶುಲ್ಕವೆಂದು ಇಷ್ಟು ರೂ. ಸೇರಿಸಲಾಗಿದೆ. ಈ ಷರತ್ತನ್ನು ನನಗೆ ತಿಳಿಸಿರಲಿಲ್ಲ. ನಾನು ಒಪ್ಪಿದ ದಾಖಲೆ ಅಥವಾ ಕರೆ ರೆಕಾರ್ಡಿಂಗ್ ಇದ್ದರೆ ಕಳಿಸಿ. ಇಲ್ಲದಿದ್ದರೆ ಈ ಶುಲ್ಕ ತೆಗೆದು ಪರಿಷ್ಕೃತ ಬಿಲ್ ಕೊಡಿ. ಬಳಸಿದ ಅವಧಿಯ ಇಷ್ಟು ರೂ. ಪಾವತಿಸಿದ್ದೇನೆ. ರೂಟರ್ ಮರಳಿ ಪಡೆದು ರಸೀದಿ ಕೊಡಿ. ನಿಗದಿತ ಅವಧಿಯಲ್ಲಿ ಪರಿಹಾರ ಸಿಗದಿದ್ದರೆ ಮೇಲ್ಮನವಿ ಪ್ರಾಧಿಕಾರ ಹಾಗೂ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.'

ಹೊಸ ಸಂಪರ್ಕ ಪಡೆಯುವ ಮೊದಲು

* ಜಿಎಸ್‌ಟಿ ಸೇರಿ ಕೈಯಿಂದ ಹೋಗುವ ಒಟ್ಟು ಹಣ ಎಷ್ಟು ಎಂದು ಕೇಳಿ, ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ.

* ನಡುವೆ ಬಿಟ್ಟರೆ ಏನು ಕಟ್ಟಬೇಕು, ಮುಂಗಡ ಕಟ್ಟಿದ್ದರಲ್ಲಿ ಎಷ್ಟು ವಾಪಸ್ ಬರುತ್ತದೆ ಎಂದು ಕೇಳಿ.

* ಹೊಸ ಮನೆಗೆ ಸ್ಥಳಾಂತರ ಮಾಡಲು ಶುಲ್ಕ ಎಷ್ಟು? ಆ ಬಡಾವಣೆಯಲ್ಲಿ ಕಂಪನಿಯ ಸೇವೆಯೇ ಇಲ್ಲದಿದ್ದರೆ ದಂಡ ಮನ್ನಾ ಆಗುತ್ತದೆಯೇ? ಬಾಡಿಗೆದಾರರು ಮರೆಯದೆ ಕೇಳಬೇಕಾದ ಪ್ರಶ್ನೆ ಇದು.

* ಮನೆಯ ಅಗ್ರಿಮೆಂಟ್ ಅವಧಿಗಿಂತ ಉದ್ದದ ಪ್ಲಾನ್ ಬೇಡ. ಮೊದಲ ಬಾರಿಗೆ ಒಂದು ಕಂಪನಿಯ ಸೇವೆ ಪಡೆಯುವವರು ತಿಂಗಳು ಅಥವಾ ಮೂರು ತಿಂಗಳ ಪ್ಲಾನ್‌ನಿಂದ ಶುರು ಮಾಡಿ.

* ಓಟಿಪಿ ಹೇಳುವ ಮೊದಲು ಆ ಎಸ್‌ಎಂಎಸ್ ಪೂರ್ತಿ ಓದಿ, ಅಳಿಸಬೇಡಿ. ಮನೆಯ ಹಿರಿಯರಿಗೂ ಇದನ್ನು ಹೇಳಿಡಿ.

* ಹಣವನ್ನು ಕಂಪನಿಯ ಆ್ಯಪ್ ಅಥವಾ ವೆಬ್‌ಸೈಟ್‌ನಲ್ಲೇ ಕಟ್ಟಿ. ಏಜೆಂಟರಿಗೆ ಕೊಟ್ಟರೆ ಕಂಪನಿಯ ಹೆಸರಿನ ರಸೀದಿ ಪಡೆಯಿರಿ.

* ಸಂಪರ್ಕ ಬಿಡುವಾಗ ರದ್ದತಿ ಕೋರಿಕೆಯ ನಂಬರ್, ರೂಟರ್ ಮರಳಿಸಿದ ರಸೀದಿ, 'ಬಾಕಿ ಇಲ್ಲ' ಎಂಬ ಪತ್ರ ಈ ಮೂರನ್ನೂ ಪಡೆದು ಕನಿಷ್ಠ ಮೂರು ವರ್ಷ ಇಟ್ಟುಕೊಳ್ಳಿ.

ಅಹಮದಾಬಾದ್‌ನ ಆ ಗ್ರಾಹಕರು ಕೇಳಿದ್ದ ಪರಿಹಾರ 22,000 ರೂ. ಮಾತ್ರ. ದೂರು ಕೇಳುವ ಅಧಿಕಾರ ಗ್ರಾಹಕ ವೇದಿಕೆಗೆ ಇದೆಯೇ ಇಲ್ಲವೇ ಎಂಬುದು ತೀರ್ಮಾನವಾಗಲೇ ಎಂಟು ವರ್ಷ ಹಿಡಿಯಿತು. ಆ ಪ್ರಶ್ನೆ ಈಗ ಉಳಿದಿಲ್ಲ. ನಿಮ್ಮ ಬಿಲ್‌ನಲ್ಲಿ ಅರ್ಥವಾಗದ ಸಾಲು ಕಂಡರೆ, ಇಂದೇ ಒಂದು ಇಮೇಲ್ ಬರೆದು ಡಾಕೆಟ್ ನಂಬರ್ ಪಡೆಯಿರಿ. ಮುಂದಿನ ಎಲ್ಲ ಗಡುವುಗಳೂ ಆ ನಂಬರ್‌ನಿಂದಲೇ ಶುರುವಾಗುತ್ತವೆ.